ನಿಮಗಿದು ಗೊತ್ತೆ? ನೀರು ಸೋಕದ ಬರ್ಬನ್

ಅಂಗಡಿಯಲ್ಲಿ ಸಿಗುವ ಬಹುಪಾಲು ವಿಸ್ಕಿಗೆ ಬಾಟಲಿ ತುಂಬುವ ಮುನ್ನ ನೀರು ಬೆರೆಸಿ, ಮದ್ಯಸಾರವನ್ನು ಶೇ 40ರ ಆಸುಪಾಸಿಗೆ ಇಳಿಸಿರುತ್ತಾರೆ. ಹಾಗೆ ಬೆರೆಸದೆ, ಪೀಪಾಯಿಯಲ್ಲಿದ್ದಷ್ಟೇ ಖಡಕ್ಕಾಗಿ ಬಾಟಲಿಗಿಳಿಯುವುದು ‘ಕಾಸ್ಕ್ ಸ್ಟ್ರೆಂತ್’ ವಿಸ್ಕಿ.

ಅಮೆರಿಕದ ಬರ್ಬನ್ ವಿಸ್ಕಿಗೆ ಕಾನೂನಿನ ಕಟ್ಟು ಬಿಗಿ. ಧಾನ್ಯದಲ್ಲಿ ಕನಿಷ್ಠ ಶೇ 51 ಮೆಕ್ಕೆಜೋಳ ಇರಬೇಕು. ಒಳಮೈ ಸುಟ್ಟು ಕರಿಕಾಗಿಸಿದ ಹೊಸ ಓಕ್ ಪೀಪಾಯಿಯಲ್ಲೇ ಮಾಗಬೇಕು. ಪೀಪಾಯಿಗೆ ಸುರಿಯುವಾಗ ಮದ್ಯಸಾರ ಶೇ 62.5 ಮೀರಬಾರದು. ಆದರೆ ಅಲ್ಲಿನ ಕೆಂಟುಕಿ ರಾಜ್ಯದ ಗೋದಾಮುಗಳ ಮೇಲಂತಸ್ತಿನ ಸೆಕೆಗೆ ಮದ್ಯಸಾರಕ್ಕಿಂತ ನೀರೇ ಹೆಚ್ಚು ಆವಿಯಾಗಿ, ವರ್ಷ ಕಳೆದಂತೆ ತೀಕ್ಷ್ಣತೆ ಏರುತ್ತದೆ! ‘ಜಾರ್ಜ್ ಟಿ. ಸ್ಟ್ಯಾಗ್’ ಎಂಬ ಬರ್ಬನ್‌ನ ಕೆಲವು ವರ್ಷಗಳ ಬಾಟಲಿಗಳು ಶೇ 70 ದಾಟಿದ್ದುಂಟು. ಅಷ್ಟು ತೀಕ್ಷ್ಣ ಮದ್ಯವನ್ನು ಪ್ರಯಾಣಿಕರು ವಿಮಾನದಲ್ಲಿ ಒಯ್ಯುವಂತಿಲ್ಲ.

ಬಲ್ಲವರು ಕಾಸ್ಕ್ ಸ್ಟ್ರೆಂತ್ ವಿಸ್ಕಿಯನ್ನು ಸವಿಯುವಾಗ ಮೂಗನ್ನು ಲೋಟದೊಳಗೆ ತೂರಿಸುವುದಿಲ್ಲ. ಬಾಯಿ ತುಸು ತೆರೆದು, ಅಂತರವಿಟ್ಟೇ ಮೂಸುತ್ತಾರೆ. ಮೊದಲ ಗುಟುಕು ನಾಲಿಗೆ ನೆನೆಯುವಷ್ಟೇ. ಬಳಿಕ ನೀರು, ಒಂದೊಂದೇ ತೊಟ್ಟು. ಇದರಿಂದ ರುಚಿ ಕೆಡುವುದಿಲ್ಲ, ಅರಳುತ್ತದೆ. ಸ್ವೀಡನ್ನಿನ ಸಂಶೋಧಕರು 2017ರಲ್ಲಿ ಕಂಪ್ಯೂಟರ್ ಮಾದರಿಯ ನೆರವಿನಿಂದ ಇದಕ್ಕೊಂದು ಕಾರಣ ತೋರಿಸಿದರು: ಹೊಗೆಯ ಘಮದ ಗ್ವಾಯಕಾಲ್ ಅಣುಗಳು ಮದ್ಯಸಾರ ಶೇ 59 ಮೀರಿದಾಗ ದ್ರವದೊಳಗೇ ಹುದುಗಿರುತ್ತವೆ, ನೀರು ಬೆರೆತು ಶೇ 45ಕ್ಕಿಳಿದಾಗ ಮೇಲ್ಮೈಗೆ ಬಂದು ಮೂಗಿಗೆ ಸಿಗುತ್ತವೆ.

ಬರ್ಬನ್‌ಗೆ ಹೊಸ ಪೀಪಾಯಿಯೇ ಬೇಕೆಂಬ ನಿಯಮದಿಂದಾಗಿ ಹಳೆಯವು ದೇಶ ಸುತ್ತುತ್ತವೆ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟ್ ವಿಸ್ಕಿ ಮಾಗಿಸಲು ಇಂಥ ಬರ್ಬನ್ ಪೀಪಾಯಿಗಳನ್ನೂ ಬಳಸುತ್ತದೆ. ಅದರ ಕಾಸ್ಕ್ ಸ್ಟ್ರೆಂತ್ ಬಾಟಲಿಯ ಮದ್ಯಸಾರ ಶೇ 61.8.