ಟಿಕೆಟ್ ಫ್ರೀ, ಆದ್ರೆ ಕಾಯೋದು ಎಷ್ಟು ಹೊತ್ತು?

ಊರಿಂದ ರಾತ್ರಿ ಬಸ್ಸಲ್ಲಿ ಬಂದ ಉಮ್ಮನನ್ನೋ ಮಾವನನ್ನೋ ಬೆಳಿಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಬೆಂಗಳೂರಿನ ನಮ್ಮ ಬ್ಯಾರಿ ಮನೆಗಳಿಗೆ ಹೊಸತಲ್ಲ. ತಿಲಕನಗರ, ಗುರಪ್ಪನಪಾಳ್ಯ, ಬಿಟಿಎಂ ಕಡೆ ಮನೆ ಮಾಡಿದವರಿಗೆ ಕೇಳುವುದೇ ಬೇಡ. ನಿಮ್ಹಾನ್ಸ್, ಕಿದ್ವಾಯಿ, ಸಂಜಯ್ ಗಾಂಧಿ ಆಸ್ಪತ್ರೆ, ಜಯದೇವ ಎಲ್ಲವೂ ಇದೇ ಸುತ್ತಮುತ್ತ. ಹೊರರೋಗಿ ಚೀಟಿಗೆ ಬೇಗ ಸಾಲು ಹಿಡಿಯಬೇಕು. ಬಸ್ ಯಾವಾಗ ಬರ್ತದೆ ಅಂತ ಗೊತ್ತಿಲ್ಲದಿದ್ದರೆ ಕೊನೆಗೆ ಆಟೋವೇ ಗತಿ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ. (ಕಾಸರಗೋಡು, ಮಂಜೇಶ್ವರದ ನೆಂಟರಿಗೆ ಇಲ್ಲ, ಕರ್ನಾಟಕದ ವಿಳಾಸವಿರುವ ಗುರುತುಚೀಟಿ ಬೇಕು.) ಟಿಕೆಟ್ ಉಚಿತವಾದರೂ ಕಾಯುವ ಹೊತ್ತಿಗೆ ಲೆಕ್ಕ ಇಲ್ಲದಿದ್ದರೆ ಆಟೋದ ದುಡ್ಡು ಉಳಿಯುವುದಿಲ್ಲ.

ಮಂಗಳೂರಿನಲ್ಲಿ ನಮಗೆ ಈ ಚಿಂತೆ ಇರಲಿಲ್ಲ. ಕಂಡಕ್ಟರ್ ಬಾಗಿಲಲ್ಲಿ ನಿಂತು 'ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್' ಅಂತ ಕೂಗಿದರೆ ಸಾಕು, ಓದು ಬಾರದ ಅಜ್ಜಿಯೂ ಹತ್ತಿ ಕೂರುತ್ತಾರೆ. ಬನಶಂಕರಿ, ಜಯನಗರದಲ್ಲಿ ನಂಬರ್ ಓದಬೇಕು. ನಂಬರಿನ ಹಿಂದೆ ಒಂದು ಅಕ್ಷರ ಬೇರೆ. ಆ ಅಕ್ಷರ ಬದಲಾದರೆ ಬಸ್ಸಿನ ದಾರಿಯೂ ಬದಲು.

ಬಸ್ ಎಲ್ಲಿದೆ ಅಂತ ಮೊದಲೇ ಹೇಳುವ ವ್ಯವಸ್ಥೆ ನಮ್ಮ ರಾಜ್ಯಕ್ಕೆ ಹಳತು. 2012ರಲ್ಲೇ ಮೈಸೂರಿನಲ್ಲಿ ಕೆಎಸ್‌ಆರ್‌ಟಿಸಿ 500 ನಗರ ಬಸ್ಸುಗಳಿಗೆ ಯಂತ್ರ ಕೂರಿಸಿ, 105 ನಿಲ್ದಾಣಗಳಲ್ಲಿ ಬೋರ್ಡು ಹಾಕಿತ್ತು. ಬೆಂಗಳೂರಿಗೆ ಅದು ಬಂದದ್ದು 2016ರಲ್ಲಿ. ಆಗಿನ ಆ್ಯಪ್ ಜನರ ನಂಬಿಕೆ ಗಳಿಸಲಿಲ್ಲ. 2023ರಲ್ಲಿ 'ನಮ್ಮ ಬಿಎಂಟಿಸಿ' ಆ್ಯಪ್ ಬಂತು. ಹತ್ತಿರದ ನಿಲ್ದಾಣ, ಬರುವ ಬಸ್ಸುಗಳು ಅದರಲ್ಲಿ ಕಾಣುತ್ತವೆ. ಹೆಣ್ಣುಮಕ್ಕಳಿಗಾಗಿ ತುರ್ತು ಬಟನ್ ಕೂಡ ಉಂಟು.

ಅದು ಕೆಲಸ ಮಾಡುವ ರೀತಿ ಸರಳ. ಬಸ್ಸಿನ ಜಿಪಿಎಸ್ ಯಂತ್ರ ಕೆಲವು ಸೆಕೆಂಡಿಗೊಮ್ಮೆ ತಾನಿರುವ ಜಾಗ ತಿಳಿಸುತ್ತದೆ, ಕಂಪ್ಯೂಟರ್ ಉಳಿದ ದೂರ ನೋಡಿ ನಿಮಿಷ ಲೆಕ್ಕ ಹಾಕುತ್ತದೆ. ಆದರೆ ಆ ಬಸ್ ಇವತ್ತು ಯಾವ ರೂಟಿನದು ಅಂತ ಜಿಪಿಎಸ್‌ಗೆ ಗೊತ್ತಿರುವುದಿಲ್ಲ. ಅದನ್ನು ಡಿಪೋದಲ್ಲಿ ಮನುಷ್ಯರೇ ದಾಖಲಿಸಬೇಕು. ಬೆಳಿಗ್ಗೆ ಒಂದು ಬಸ್ ಕೆಟ್ಟು, ಬದಲಿ ಬಸ್ ಹೊರಟು, ಅದನ್ನು ಬರೆಯದೇ ಬಿಟ್ಟರೆ ಮುಗಿಯಿತು. ಮೊಬೈಲಲ್ಲಿ ಕಾಣುವ ಬಸ್ ರಸ್ತೆಗೆ ಬರುವುದಿಲ್ಲ, ರಸ್ತೆಗೆ ಬಂದ ಬಸ್ ಮೊಬೈಲಲ್ಲಿ ಕಾಣುವುದಿಲ್ಲ. ಇದರ ಮೇಲೆ ಸಿಲ್ಕ್ ಬೋರ್ಡಿನ ಜಾಮ್. ಅಲ್ಲಿ ಐದು ನಿಮಿಷ ಅಂದರೆ ಐದೇ ನಿಮಿಷ ಅಂತ ನಂಬುವವರು ಬೆಂಗಳೂರಿಗೆ ಹೊಸಬರು.

ಮೆಟ್ರೋದವರಿಗೆ ಜಾಮ್ ಇಲ್ಲ, ಲೆಕ್ಕ ಸುಲಭ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಮೆಜೆಸ್ಟಿಕ್‌ನಲ್ಲಿ ಇಳಿದವರು ಹಸಿರು ಮಾರ್ಗದಲ್ಲಿ ಆರ್.ವಿ. ರೋಡಿಗೆ ಬಂದು ರೈಲು ಬದಲಿಸಿದರೆ ಎರಡನೇ ನಿಲ್ದಾಣವೇ ಜಯದೇವ. ಮುಂದಿನ ರೈಲಿಗೆ ಎಷ್ಟು ನಿಮಿಷ ಅಂತ ಪ್ಲಾಟ್‌ಫಾರ್ಮಿನ ಬೋರ್ಡು ತೋರಿಸುತ್ತದೆ, ನಿಲ್ದಾಣದ ಹೆಸರನ್ನು ಕನ್ನಡದಲ್ಲೇ ಕೂಗಿ ಹೇಳುತ್ತದೆ. ಇದಕ್ಕೆ ಸ್ಮಾರ್ಟ್‌ಫೋನ್ ಬೇಡ, ಕಿವಿ ಇದ್ದರೆ ಸಾಕು.

ಬಸ್ಸಿನ ವಿಷಯದಲ್ಲಿ ನಾವು ಕೇಳುವುದೂ ಇಷ್ಟೇ. ಮಾಹಿತಿ ಮೊಬೈಲಿನಿಂದ ಹೊರಗೆ ಬರಲಿ. ಎಲ್ಲಾ ಕಡೆ ಒಟ್ಟಿಗೆ ಬೇಡ, ಆಸ್ಪತ್ರೆಗಳ ಎದುರಿನ ನಿಲ್ದಾಣಗಳಿಂದ ಶುರುವಾಗಲಿ: ದೊಡ್ಡ ಅಕ್ಷರದ ಬೋರ್ಡು, ಜೊತೆಗೆ ಧ್ವನಿ. ದಾರಿ ಕೇಳುವುದಕ್ಕೂ ಸಂಕೋಚಪಡುವ ನಮ್ಮ ಹೆಂಗಸರು ಎಷ್ಟೋ ಜನ ಇದ್ದಾರೆ.

ಅಲ್ಲಿಯವರೆಗೆ ಮನೆಯ ಮಕ್ಕಳೇ ಬೋರ್ಡು. ಸ್ಮಾರ್ಟ್‌ಫೋನ್ ಇರುವವರು ಮನೆಯಲ್ಲೇ ಕೂತು ಆ ನಿಲ್ದಾಣದ ಹೆಸರು ಒತ್ತಿ ನೋಡಬಹುದು. ಉಮ್ಮನ ಕೈಯಲ್ಲಿ ಬಟನ್ ಫೋನ್ ಇದ್ದರೂ ಸಾಕು.

"ಉಮ್ಮಾ, ಬಸ್ ಎರಡು ಸ್ಟಾಪ್ ಹಿಂದೆ ಉಂಟು. ಈಗ ಎದ್ದು ಮುಂದೆ ಬನ್ನಿ. ಹತ್ತುವ ಮೊದಲು ಕಂಡಕ್ಟರನ್ನ ಒಂದು ಸಲ ಕೇಳಿ."