ಖಾಲಿ ಸೀಟಿನ ನಷ್ಟ ಯಾರ ಪಾಲಿಗೆ?

ಟಿಕೆಟ್ ಕೊಂಡ ಪ್ರಯಾಣಿಕರನ್ನು ಹತ್ತಿಸಿಕೊಂಡು ವೇಳಾಪಟ್ಟಿಯಂತೆ ಹಾರುವ ವಿಮಾನ ಕೊಪ್ಪಳ ಜಿಲ್ಲೆಗೆ ಇನ್ನೂ ಬಂದಿಲ್ಲ. ರನ್‌ವೇ ಇಲ್ಲವೆಂದಲ್ಲ. ಬಲ್ದೋಟ ಸಮೂಹದ ಎಂಎಸ್‌ಪಿಎಲ್ ಕಂಪನಿಯ ಖಾಸಗಿ ಏರ್‌ಸ್ಟ್ರಿಪ್ ಕೊಪ್ಪಳದ ಹತ್ತಿರವೇ ಇದೆ. ಗಣ್ಯರ ಸಣ್ಣ ವಿಮಾನಗಳು ಅಲ್ಲಿ ಇಳಿಯುತ್ತ ಬಂದಿವೆ. ಕೇಂದ್ರ ಸರ್ಕಾರದ ‘ಉಡಾನ್’ ಯೋಜನೆಯ ಆರಂಭದ ಸುತ್ತುಗಳಲ್ಲೇ ಕೊಪ್ಪಳದ ಹೆಸರು ಪಟ್ಟಿ ಸೇರಿತ್ತು. ಆದರೆ ಖಾಸಗಿ ರನ್‌ವೇಯನ್ನು ಸಾರ್ವಜನಿಕ ಸೇವೆಗೆ ಒದಗಿಸುವ ಮಾತು ಮಾಲೀಕರಿಗೂ ಸರ್ಕಾರಕ್ಕೂ ನಡುವೆ ಕುದುರಲಿಲ್ಲ. ಹೀಗಾಗಿ ಕೊಪ್ಪಳ, ಯಲಬುರ್ಗಾ, ಕುಷ್ಟಗಿಯವರು ವಿಮಾನ ಹಿಡಿಯಬೇಕೆಂದರೆ ಪಶ್ಚಿಮಕ್ಕೆ ಹುಬ್ಬಳ್ಳಿ ದಾರಿ ಹಿಡಿಯುತ್ತಾರೆ. ಗಂಗಾವತಿಯವರಿಗೆ ತೋರಣಗಲ್ಲಿನ ನಿಲ್ದಾಣ ಹತ್ತಿರ. ಕೋವಿಡ್ ಕಾಲದಲ್ಲಿ ಈ ಭಾಗದ ನಿಲ್ದಾಣಗಳಲ್ಲಿ ವಿಮಾನಗಳು ಬಂದದ್ದು, ಹೋದದ್ದು, ದಾರಿ ಬದಲಿಸಿದ್ದು ಏಕೆ ಎಂಬುದನ್ನು ಗಮನವಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸಣ್ಣ ಊರಿಗೆ ವಿಮಾನ ಬರುವುದನ್ನು ತೀರ್ಮಾನಿಸುವುದು ಆ ಊರಿನ ಬೇಡಿಕೆಯಲ್ಲ, ರನ್‌ವೇಯ ಉದ್ದವೂ ಅಲ್ಲ. ಖಾಲಿ ಉಳಿದ ಸೀಟಿನ ನಷ್ಟವನ್ನು ಯಾರು, ಎಷ್ಟು ವರ್ಷ ಹೊರುತ್ತಾರೆ ಎಂಬ ಒಪ್ಪಂದ. ಕೊಪ್ಪಳದ ವಿಮಾನ ನಿಲ್ದಾಣದ ಬೇಡಿಕೆಯಲ್ಲಿ ಈವರೆಗೆ ಕೇಳಿಬರದ ಪ್ರಶ್ನೆ ಅದೇ.

ಉಡಾನ್ ಯೋಜನೆ 2016ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಅದರ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ಸುಮಾರು ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿಯ ಮಿತಿ ಎಂಬ ಘೋಷಣೆ ಎಲ್ಲರಿಗೂ ನೆನಪಿದೆ. ಅದರ ಹಿಂದಿನ ಏರ್ಪಾಟು ಅಷ್ಟಾಗಿ ಚರ್ಚೆಗೆ ಬರಲಿಲ್ಲ. ವಿಮಾನದ ಒಂದು ಪಾಲು ಸೀಟುಗಳನ್ನು ಕಂಪನಿ ಈ ಅಗ್ಗದ ದರಕ್ಕೆ ಕೊಡಬೇಕು. ಖರ್ಚಿಗೂ ವರಮಾನಕ್ಕೂ ನಡುವಿನ ಅಂತರವನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತದೆ. ಆ ಹಣದಲ್ಲಿ ರಾಜ್ಯದ ಪಾಲು ಶೇ 20. ವಿಮಾನ ಇಂಧನದ ಮೇಲಿನ ರಾಜ್ಯದ ತೆರಿಗೆಯೂ ಇಂಥ ನಿಲ್ದಾಣಗಳಲ್ಲಿ ಶೇ 1ಕ್ಕೆ ಇಳಿಯುತ್ತದೆ. ಮೂರು ವರ್ಷ ಆ ಮಾರ್ಗಕ್ಕೆ ಬೇರೆ ಕಂಪನಿ ಪೈಪೋಟಿಗೆ ಬರುವಂತಿಲ್ಲ. ಕೇಂದ್ರ ತನ್ನ ಪಾಲನ್ನು ದೊಡ್ಡ ನಗರಗಳ ನಡುವಿನ ವಿಮಾನಗಳ ಮೇಲೆ ಹಾಕಿದ ಶುಲ್ಕದಿಂದ ಕೂಡಿಸುತ್ತದೆ. ಅಂದರೆ ಮುಂಬೈ–ದೆಹಲಿ ನಡುವೆ ವಿಮಾನಗಳು ಹಾರುತ್ತಿದ್ದರೆ ಮಾತ್ರ ಸಣ್ಣ ಊರಿನ ವಿಮಾನಕ್ಕೆ ಹಣ. ಎಲ್ಲ ಕಡೆ ಒಮ್ಮೆಗೇ ವಿಮಾನ ನಿಂತರೆ ಏನು ಗತಿ ಎಂದು ಯೋಜನೆ ರೂಪಿಸಿದವರು ಯೋಚಿಸಿರಲಿಲ್ಲ. ಆಗ ಯಾರಿಗೂ ಆ ಯೋಚನೆ ಬರುವಂತಿರಲಿಲ್ಲ.

ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣ ಜಿಂದಾಲ್ ಉಕ್ಕಿನ ಕಾರ್ಖಾನೆಯವರದು. ಕೊಪ್ಪಳದಲ್ಲಿ ಆಗದ್ದು ಅಲ್ಲಿ ಆಯಿತು. ಖಾಸಗಿ ನಿಲ್ದಾಣವೇ ಸಾರ್ವಜನಿಕ ಸೇವೆಗೆ ತೆರೆದುಕೊಂಡಿತು. 2017ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ಟ್ರೂಜೆಟ್ ಕಂಪನಿ ಉಡಾನ್ ಅಡಿಯಲ್ಲಿ ಹೈದರಾಬಾದ್–ವಿದ್ಯಾನಗರ–ಬೆಂಗಳೂರು ಮಾರ್ಗ ಆರಂಭಿಸಿತು. ವಿಮಾನ ಎಟಿಆರ್–72, ರೆಕ್ಕೆಗೆ ಪಂಖ ಇರುವ, 70ರ ಆಸುಪಾಸು ಸೀಟುಗಳ, ಚಿಕ್ಕ ರನ್‌ವೇಗೆ ಸಾಕಾಗುವ ವಿಮಾನ. ಇಂಥ ಕಂಪನಿಗಳ ಕೆಲಸದ ರೀತಿಯನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಅವುಗಳ ಬಳಿ ವಿಮಾನಗಳು ಬೆರಳೆಣಿಕೆಯಷ್ಟು. ಬೆಳಿಗ್ಗೆ ಒಂದು ಊರಿಂದ ಹೊರಟ ವಿಮಾನ ಎರಡನೆಯ ಊರಲ್ಲಿ ಇಳಿದು, ಅರ್ಧ ತಾಸಿನೊಳಗೆ ಮೂರನೆಯ ಊರಿಗೆ ಏರಿ, ಸಂಜೆಯೊಳಗೆ ಅದೇ ದಾರಿಯಲ್ಲಿ ವಾಪಸಾಗಬೇಕು. ತೋರಣಗಲ್ಲಿನಲ್ಲಿ ಇಳಿಯುವವರು ಕಡಿಮೆ ಇದ್ದರೂ ಹೈದರಾಬಾದಿನಿಂದ ಬೆಂಗಳೂರಿಗೇ ಹೋಗುವವರು ಒಂದಿಷ್ಟು ಸೀಟು ತುಂಬುತ್ತಾರೆ. ಕೊಂಡಿಯ ಒಂದು ಊರು ಕಳಚಿದರೆ ಉಳಿದ ಎರಡರ ನಡುವೆಯೂ ಲೆಕ್ಕ ಕೂಡುವುದಿಲ್ಲ. ಹುಬ್ಬಳ್ಳಿಯಿಂದ ಹಾರುವ 180 ಸೀಟಿನ ಏರ್‌ಬಸ್‌ನ ಕಂಪನಿ ಒಂದು ಮಾರ್ಗ ಕೈಬಿಟ್ಟರೆ ವಿಮಾನವನ್ನು ಇನ್ನೊಂದು ಮಾರ್ಗಕ್ಕೆ ತಿರುಗಿಸಬಲ್ಲದು. ನಾಲ್ಕಾರು ಎಟಿಆರ್ ನಂಬಿದ ಕಂಪನಿಗೆ ಆ ಅನುಕೂಲ ಇಲ್ಲ.

2020ರ ಮಾರ್ಚ್ 25ರಿಂದ ದೇಶದೊಳಗಿನ ಎಲ್ಲ ಪ್ರಯಾಣಿಕ ವಿಮಾನಗಳು ನಿಂತವು. ಎರಡು ತಿಂಗಳ ನಂತರ, ಮೇ 25ರಂದು, ಮತ್ತೆ ಹಾರಿದವು. ಆಗ ಕಂಪನಿಗಳಿಗೆ ಸಿಕ್ಕ ಅನುಮತಿ ಹಿಂದಿನ ಹಾರಾಟದ ಮೂರನೇ ಒಂದು ಪಾಲು. ಜೂನ್ ಕೊನೆಗೆ ಅದು ಶೇ 45 ಆಯಿತು, ಸೆಪ್ಟೆಂಬರ್‌ಗೆ 60, ಡಿಸೆಂಬರ್‌ಗೆ 80. ಎರಡನೇ ಅಲೆ ಬಂದಾಗ, 2021ರ ಜೂನ್‌ನಲ್ಲಿ, ಮತ್ತೆ 50ಕ್ಕೆ ಇಳಿಯಿತು. ಪೂರ್ತಿ ಮುಕ್ತವಾದದ್ದು ಆ ವರ್ಷದ ಅಕ್ಟೋಬರ್ 18ಕ್ಕೆ. ರಾಜ್ಯಗಳ ನಿಯಮಗಳು ಬೇರೆ. ಮೊದಲ ವಾರಗಳಲ್ಲಿ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ದೆಹಲಿಯಂಥ ಕಡೆಯಿಂದ ಕರ್ನಾಟಕಕ್ಕೆ ಬಂದವರು ಏಳು ದಿನ ಸಾಂಸ್ಥಿಕ ಕ್ವಾರಂಟೈನ್‌ನಲ್ಲಿ ಇರಬೇಕಿತ್ತು. ಎರಡು ದಿನದ ಕೆಲಸಕ್ಕೆ ವಿಮಾನ ಹತ್ತುತ್ತಿದ್ದವರು ಇಂಥ ನಿಯಮದ ಎದುರು ಟಿಕೆಟ್ ಕೊಳ್ಳುವುದಾದರೂ ಹೇಗೆ? ಕಾರ್ಖಾನೆಯ ಎಂಜಿನಿಯರುಗಳ, ವ್ಯವಹಾರಸ್ಥರ ಸಭೆಗಳು ವಿಡಿಯೊ ಕರೆಗೆ ಸರಿದವು. ಹಂಪಿಗೆ ಬರುವವರೂ ನಿಂತರು: ಪುರಾತತ್ವ ಇಲಾಖೆ 2020ರ ಮಾರ್ಚ್ 17ರಂದು ಸ್ಮಾರಕಗಳ ಬಾಗಿಲು ಹಾಕಿತು, 2021ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹಾಕಿತು. ಗಂಗಾವತಿ ತಾಲ್ಲೂಕಿಗೆ ಪೆಟ್ಟು ಅದಕ್ಕೂ ಮುಂಚೆಯೇ ಬಿದ್ದಿತ್ತು. ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ ತುಂಗಭದ್ರೆಯ ನಡುವಿನ ವಿರೂಪಾಪುರಗಡ್ಡೆಯ ರೆಸಾರ್ಟ್‌ಗಳನ್ನು 2020ರ ಮಾರ್ಚ್ ಮೊದಲ ವಾರ ಕೆಡವಲಾಯಿತು. ವಿದೇಶಿ ಪ್ರವಾಸಿಗರು ವಾರಗಟ್ಟಲೆ ತಂಗುತ್ತಿದ್ದ ಗಡ್ಡೆ ಅದು. ಪ್ರವಾಸೋದ್ಯಮವನ್ನು ನೆಚ್ಚಿ ವಿಮಾನ ಮಾರ್ಗದ ಲೆಕ್ಕ ಹಾಕುವವರು ಆ ಒಂದು ತಿಂಗಳನ್ನು ಮರೆಯಬಾರದು.

ಹಾಗಾದರೆ ಸಣ್ಣ ಊರುಗಳಿಂದ ವಿಮಾನ ಹೋದದ್ದು ಜನ ಇಲ್ಲದ್ದರಿಂದ ಎನ್ನಬಹುದಲ್ಲ? ಬೆಳಗಾವಿಯನ್ನು ನೋಡಿದರೆ ಆ ವಿವರಣೆ ಸಾಲದು ಎಂದು ತಿಳಿಯುತ್ತದೆ. 2018ರ ಮೇ ತಿಂಗಳಲ್ಲಿ ಸ್ಪೈಸ್‌ಜೆಟ್ ಬೆಳಗಾವಿಯ ವಿಮಾನಗಳನ್ನು ಹುಬ್ಬಳ್ಳಿಗೆ ಸಾಗಿಸಿತು. ಉಡಾನ್‌ನ ಎರಡನೇ ಸುತ್ತಿನಲ್ಲಿ ಹುಬ್ಬಳ್ಳಿ ಇತ್ತು, ಬೆಳಗಾವಿ ಇರಲಿಲ್ಲ. ಬೆಳಗಾವಿಯ ಜನ ಒಂದೇ ರಾತ್ರಿ ಕಡಿಮೆಯಾಗಿರಲಿಲ್ಲ, ಅವರ ಬೇಡಿಕೆಯೂ ಕುಗ್ಗಿರಲಿಲ್ಲ. ಮಾರನೆಯ ವರ್ಷ ಮೂರನೇ ಸುತ್ತಿನಲ್ಲಿ ಬೆಳಗಾವಿಗೆ ಹಲವು ಮಾರ್ಗಗಳು ದಕ್ಕಿದವು. ಆ ಒಪ್ಪಂದಗಳು ಹೊಸದಾಗಿದ್ದುದರಿಂದ, ದೇಶವೆಲ್ಲ ಪ್ರಯಾಣಕ್ಕೆ ಅಂಜುತ್ತಿದ್ದ 2020ರ ಕೊನೆ ಮತ್ತು 2021ರ ಆರಂಭದಲ್ಲೇ ಅಲ್ಲಿಂದ ಸೂರತ್, ನಾಸಿಕ್, ಜೋಧಪುರಕ್ಕೆ ಸ್ಟಾರ್ ಏರ್‌ನ 50 ಸೀಟಿನ ವಿಮಾನಗಳು ಹೊಸದಾಗಿ ಹಾರಿದವು. ಸದಾ ಮುಂದಿರುತ್ತಿದ್ದ ಹುಬ್ಬಳ್ಳಿಗಿಂತ ಬೆಳಗಾವಿಯಲ್ಲೇ ಹೆಚ್ಚು ಪ್ರಯಾಣಿಕರು ಓಡಾಡಿದ ತಿಂಗಳುಗಳು ಬಂದವು. ಎರಡೂ ಊರುಗಳ ನಡುವಿನ ಅಂತರ ನೂರು ಕಿಲೋಮೀಟರಿನಷ್ಟು. ಸೋಂಕೂ ಒಂದೇ, ಭಯವೂ ಒಂದೇ. ಬೇರೆಯಾಗಿದ್ದದ್ದು ಒಪ್ಪಂದದ ವಯಸ್ಸು. ತೋರಣಗಲ್ಲಿನ ಮಾರ್ಗವನ್ನು ಇದೇ ಅಳತೆಯಲ್ಲಿ ನೋಡಿ: 2017ರ ಸೆಪ್ಟೆಂಬರ್‌ನಿಂದ ಎಣಿಸಿದ ಮೂರು ವರ್ಷ ತುಂಬುವುದು 2020ರ ಸೆಪ್ಟೆಂಬರ್‌ಗೆ, ಹಾರಾಟಕ್ಕೆ ಶೇ 60ರ ಮಿತಿ ಇದ್ದ ತಿಂಗಳಿಗೆ. ಊರುಗೋಲು ಬಿಟ್ಟು ನಡೆಯಬೇಕಾದ ಹೊತ್ತಿಗೆ ಕಾಲಿಗೇ ಪೆಟ್ಟು ಬಿದ್ದಂತಾಯಿತು.

ಇಂಧನದ ಕಥೆಯೂ ಇದಕ್ಕೆ ಸೇರಿಕೊಂಡಿತು. ವಿಮಾನಗಳು ಹಾರದ 2020ರ ಬೇಸಿಗೆಯಲ್ಲಿ ಇಂಧನದ ಬೆಲೆ ಪಾತಾಳಕ್ಕಿಳಿದಿತ್ತು. ಹಾರಾಟ ಪೂರ್ತಿ ಮುಕ್ತವಾದ ಮೇಲೆ ಏರುತ್ತ ಹೋಗಿ 2022ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಸಾವಿರ ಲೀಟರಿಗೆ ಒಂದು ಲಕ್ಷ ರೂಪಾಯಿ ದಾಟಿತು. ಟ್ರೂಜೆಟ್ ಅಲ್ಲಿಯವರೆಗೂ ಬಾಳಲಿಲ್ಲ. 2022ರ ಫೆಬ್ರುವರಿಯಲ್ಲಿ ಅದರ ಎಲ್ಲ ಹಾರಾಟ ನಿಂತಿತು. 2020ರ ಫೆಬ್ರುವರಿ 7ರಂದು, ಲಾಕ್‌ಡೌನ್‌ಗೆ ಏಳು ವಾರ ಮೊದಲು, ಸಂಭ್ರಮದಿಂದ ಉದ್ಘಾಟನೆಯಾದ ಬೀದರ್ ನಿಲ್ದಾಣವೂ ನೆಚ್ಚಿದ್ದು ಇದೇ ಕಂಪನಿಯನ್ನು. ಸೇವೆ ಯಾರದೋ ಒಂದೇ ಕಂಪನಿಯ ಆಯಸ್ಸಿಗೆ ಕಟ್ಟಿಬಿದ್ದರೆ ಆಗುವ ಪಾಡು ಇದು. ತೋರಣಗಲ್ಲಿಗೆ ಆಮೇಲೆ ಅಲಯನ್ಸ್ ಏರ್, ಸ್ಟಾರ್ ಏರ್ ಬಂದವು. ಆದರೆ ನಡುವೆ ಸೇವೆ ಕಡಿದಾಗ ಆಗುವ ನಷ್ಟ ಯಾವ ಕಡತಕ್ಕೂ ಸೇರುವುದಿಲ್ಲ: ಒಮ್ಮೆ ರಾತ್ರಿ ಬಸ್ಸಿಗೆ, ಹಂಪಿ ಎಕ್ಸ್‌ಪ್ರೆಸ್ಸಿಗೆ ಮರಳಿದ ಪ್ರಯಾಣಿಕ ಮತ್ತೆ ವಿಮಾನ ನಂಬಲು ಬಹಳ ಕಾಲ ಬೇಕು.

ಕೋವಿಡ್ ನೂರು ವರ್ಷಕ್ಕೊಮ್ಮೆ ಬರುವ ಆಪತ್ತು, ಅದನ್ನಿಟ್ಟುಕೊಂಡು ಉಡಾನ್ ಅಳೆಯುವುದು ತಪ್ಪು ಎಂಬ ಆಕ್ಷೇಪ ಬರುತ್ತದೆ. ಅದರಲ್ಲಿ ಸತ್ಯಾಂಶ ಇದೆ. ಆದರೂ ಮಹಾಲೇಖಪಾಲರು 2023ರಲ್ಲಿ ಸಂಸತ್ತಿಗೆ ಕೊಟ್ಟ ವರದಿಯ ಅಂಕಿಗಳನ್ನು ನೋಡಿ. ಮೊದಲ ಮೂರು ಸುತ್ತುಗಳಲ್ಲಿ ಹಂಚಿದ ಮಾರ್ಗಗಳು 774. ಅವುಗಳಲ್ಲಿ 403ರಲ್ಲಿ ಒಂದು ವಿಮಾನವೂ ಹಾರಲಿಲ್ಲ. ಹಾರಿದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಆ ಮೂರು ವರ್ಷದ ನಂತರವೂ, 2023ರ ಮಾರ್ಚ್ ಹೊತ್ತಿಗೆ, ಉಳಿದುಕೊಂಡದ್ದು 54. ಹಂಚಿದ್ದರಲ್ಲಿ ಶೇ 7. ಅರ್ಧಕ್ಕಿಂತ ಹೆಚ್ಚು ಮಾರ್ಗಗಳು ಶುರುವೇ ಆಗದಿರುವುದಕ್ಕೆ ಸೋಂಕೊಂದನ್ನೇ ಕಾರಣ ಮಾಡಲಾಗದು. ರನ್‌ವೇ ಸಿಗಲಿಲ್ಲ, ವಿಮಾನ ಸಿಗಲಿಲ್ಲ, ಕಂಪನಿಗೆ ಲೆಕ್ಕ ಕೂಡಲಿಲ್ಲ. ಕೊಪ್ಪಳ ಇಂಥ ಪಟ್ಟಿಯಲ್ಲೇ ಇದ್ದ ಊರು. ಮೊದಲೇ ಸಡಿಲವಾಗಿದ್ದ ಕಟ್ಟನ್ನು ಕೋವಿಡ್ ಬಿಚ್ಚಿ ತೋರಿಸಿತು, ಅಷ್ಟೇ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು, ಅದನ್ನು ನಾನು ಗೌರವಿಸುತ್ತೇನೆ. ಕಲ್ಯಾಣ ಕರ್ನಾಟಕ ತಲೆಮಾರುಗಳ ಕಾಲ ಹಿಂದೆ ಬಿದ್ದ ಸೀಮೆ. ಅದಕ್ಕೆಂದೇ ಸಂವಿಧಾನದ 371(ಜೆ) ವಿಧಿ ಬಂತು. ಇಲ್ಲಿ ರಸ್ತೆಗೆ, ಶಾಲೆಗೆ ಲಾಭ ನಷ್ಟ ಕೇಳುವುದಿಲ್ಲ, ವಿಮಾನಕ್ಕೆ ಮಾತ್ರ ಏಕೆ? ಕೇಳಬಾರದು, ಸರಿ. ಆದರೆ ಲಾಭ ಕೇಳದೆ ನಡೆಸುವ ಸೇವೆಗೆ ಹಣ ಕೊಡುವವರು ಯಾರೆಂದು ಮೊದಲೇ ಬರೆದಿಡಬೇಕು. ಸಾರಿಗೆ ಬಸ್ಸು ನಷ್ಟದಲ್ಲೂ ಹಳ್ಳಿಗೆ ಹೋಗುತ್ತದೆ, ಏಕೆಂದರೆ ಅದರ ಹಿಂದೆ ನಿಗಮ ಇದೆ, ನಿಗಮದ ಹಿಂದೆ ಸರ್ಕಾರ ಇದೆ. ಬೀದರ್‌ನ ಅನುಭವ ಇಲ್ಲಿ ದಾರಿ ತೋರುತ್ತದೆ. ಟ್ರೂಜೆಟ್ ಹೋದ ಮೇಲೆ ಸ್ಟಾರ್ ಏರ್ ಬಂತು. 2023ರ ಕೊನೆಗೆ ಅದೂ ನಿಂತಿತು. ರಾಜ್ಯ ಸರ್ಕಾರವೇ ತನ್ನ ಬೊಕ್ಕಸದಿಂದ ಕೊರತೆ ತುಂಬಲು ಒಪ್ಪಿದ ಮೇಲೆ 2025ರ ಏಪ್ರಿಲ್‌ನಲ್ಲಿ ಬೆಂಗಳೂರು ವಿಮಾನ ಮತ್ತೆ ಹಾರಿತು. ಸೇವೆ ಬೇಕು, ಅದರ ನಷ್ಟ ನಮ್ಮದು ಎಂದು ಒಪ್ಪಿಕೊಂಡ ಈ ನಿರ್ಧಾರ ಪ್ರಾಮಾಣಿಕವಾದದ್ದು. ಹತ್ತಾರು ಉದ್ಘಾಟನೆಗಳಿಗಿಂತ ಅದರ ಬೆಲೆ ಹೆಚ್ಚು.

ಅಂಜನಾದ್ರಿ, ಆನೆಗೊಂದಿ, ಹಂಪಿ ಇರುವಾಗ ಪ್ರಯಾಣಿಕರಿಗೆ ಬರವೇ ಎನ್ನುವವರೂ ಇದ್ದಾರೆ. ಗಂಗಾವತಿಯ ಭತ್ತದ ವ್ಯಾಪಾರ, ಗಿಣಿಗೇರಿಯ ಸುತ್ತಲ ಕಾರ್ಖಾನೆಗಳು, ತುರ್ತು ಚಿಕಿತ್ಸೆಗೆ ಬೆಂಗಳೂರು, ಹೈದರಾಬಾದಿಗೆ ಹೋಗುವವರು, ಎಲ್ಲರನ್ನೂ ಎಣಿಸಿದರೆ ಒಂದು ಚಿಕ್ಕ ವಿಮಾನ ತುಂಬಲೂಬಹುದು. ಆದರೆ ಅಂಜನಾದ್ರಿಯ ಮೆಟ್ಟಿಲು ಏರುವ ಭಕ್ತರಲ್ಲಿ ಬಹುಪಾಲು ಬಸ್ಸು, ಟ್ರ್ಯಾಕ್ಸು, ರೈಲಿನವರು. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲಗಳಿಂದ ಮಂಗಳೂರು, ಬೆಂಗಳೂರು, ಗೋವಾಕ್ಕೆ ಗುಳೆ ಹೋಗುವ ಕುಟುಂಬಗಳಿಗೆ ದಾರಿ ಇಂದಿಗೂ ಹೆಚ್ಚಾಗಿ ಸಾರಿಗೆ ಬಸ್ಸು. 2020ರಲ್ಲಿ ಅವರು ಮಕ್ಕಳೊಂದಿಗೆ ಊರಿಗೆ ಮರಳಿದ್ದೂ ನೆಲದ ಮೇಲೇ. ಅವರ ಪಾಲಿಗೆ ಬದಲಾವಣೆ ತಂದದ್ದು ಹಳಿ. ಗಿಣಿಗೇರಿ–ಮಹಬೂಬ್‌ನಗರ ಮಾರ್ಗ ಗಂಗಾವತಿ ಮುಟ್ಟಿದ್ದು 2019ರಲ್ಲಿ. ಗದಗ–ವಾಡಿ ಮಾರ್ಗದ ಮೇಲೆ ಕುಷ್ಟಗಿಗೆ ಮೊದಲ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ. ಎರಡೂ ಬಹಳ ತಡವಾಗಿ ಬಂದವು. ಆದರೆ ಹಾಸಿದ ಹಳಿಯನ್ನು ಯಾವ ಕಂಪನಿಯೂ ಲೆಕ್ಕ ಕೂಡಲಿಲ್ಲವೆಂದು ಬೇರೆ ಊರಿಗೆ ಒಯ್ಯಲಾರದು. ವಿಮಾನಕ್ಕೂ ಅಂಥ ಭದ್ರತೆ ಇರಲಿ ಎಂಬುದೇ ನನ್ನ ಕೋರಿಕೆ.

ಕೊಪ್ಪಳಕ್ಕೆ ಹೊಸ ನಿಲ್ದಾಣಕ್ಕಾಗಿ ಜಾಗ ಹುಡುಕುವ ಮಾತು ಆಗಾಗ ಕೇಳಿಬರುತ್ತಿದೆ. ಕಾರ್ಖಾನೆಗಳಿಗೆ ಹೊಲ ಬಿಟ್ಟುಕೊಟ್ಟ ಹಳ್ಳಿಗಳು ಈ ಜಿಲ್ಲೆಯಲ್ಲಿ ಈಗಾಗಲೇ ಇವೆ. ಇನ್ನಷ್ಟು ರೈತರ ಭೂಮಿ ಗುರುತಿಸುವ ಮೊದಲು ನಾಲ್ಕನೇ ವರ್ಷದ ಕೊರತೆಯ ಹಣ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ, ಕಂಪನಿ ಮುಚ್ಚಿದರೆ ಎಷ್ಟು ದಿನದೊಳಗೆ ಇನ್ನೊಂದನ್ನು ಕರೆಯಲಾಗುತ್ತದೆ, ಹಾರಾಟ ನಿಂತರೆ ಆ ಭೂಮಿ ಏನಾಗುತ್ತದೆ ಎಂಬ ಮೂರಕ್ಕೂ ಲಿಖಿತ ಉತ್ತರವನ್ನು ಶಾಸಕರು, ಸಂಸದರು ಸರ್ಕಾರದಿಂದ ಪಡೆಯಬೇಕು. ಅಲ್ಲಿಯವರೆಗೆ ಮಾಡಬಹುದಾದ ಕೆಲಸ ಇನ್ನೊಂದಿದೆ, ಅದಕ್ಕೆ ಒಂದು ಎಕರೆಯೂ ಬೇಡ: ಕುಷ್ಟಗಿ, ಯಲಬುರ್ಗಾ, ಕೊಪ್ಪಳದಿಂದ ಹುಬ್ಬಳ್ಳಿ ನಿಲ್ದಾಣಕ್ಕೂ ಗಂಗಾವತಿಯಿಂದ ತೋರಣಗಲ್ಲಿಗೂ ವಿಮಾನದ ಹೊತ್ತಿಗೆ ಹೊಂದುವಂತೆ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಬಸ್ಸು. ವಿಮಾನ ತಡವಾದರೆ ಕಾಯುವ ಬಸ್ಸು. ಆ ಬಸ್ಸಿನಲ್ಲಿ ದಿನಕ್ಕೆ ಎಷ್ಟು ಜನ ಹತ್ತಿದರು ಎಂಬ ಒಂದು ವರ್ಷದ ಎಣಿಕೆ ಕೈಯಲ್ಲಿದ್ದರೆ, ಮುಂದಿನ ಉಡಾನ್ ಬಿಡ್‌ಗೆ ಕೊಪ್ಪಳ ಬರಿಗೈಯಲ್ಲಿ ಹೋಗಬೇಕಾಗುವುದಿಲ್ಲ.