ಪೆಟ್ಟಿಗೆಯ ತಳದ ಲೈಸೆನ್ಸು

ಪರದೇಶದಲ್ಲಿ ಬಹುಕಾಲ ಇದ್ದು ಮರಳಿ ಬಂದವರಿಗೆ ಮೊದಲ ಒಂದೆರಡು ತಿಂಗಳು ಕಳೆಯುವುದು ಕಾಗದಪತ್ರಗಳ ಸಹವಾಸದಲ್ಲಿಯೇ. ಬ್ಯಾಂಕಿನ ಖಾತೆ, ಗ್ಯಾಸಿನ ಪುಸ್ತಕ, ಆಧಾರ್ ಕಾರ್ಡು, ಸೊಸೈಟಿಯ ಷೇರುಪತ್ರ, ಹೀಗೆ ಒಂದೊಂದನ್ನೂ ಹುಡುಕಿ ತೆಗೆದು ಹೆಸರು ವಿಳಾಸಗಳನ್ನು ನೇರ್ಪಡಿಸಿಕೊಳ್ಳುವಷ್ಟರಲ್ಲಿ, ತಂದ ಖರ್ಜೂರವೆಲ್ಲ ಹಂಚಿ ಮುಗಿದಿರುತ್ತದೆ. ಈ ಸಾಲಿನಲ್ಲಿ ಎಲ್ಲರೂ ಕೊನೆಗೆ ನೆನೆಯುವ ಕಾಗದ ಒಂದುಂಟು. ಅದು ಮೋಟಾರು ನಡೆಸುವ ಲೈಸೆನ್ಸು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆಯಂತೆ, ಮರಳಿ ಬಂದು ಮೋಟಾರು ಹತ್ತುವವರು ಒಂದು ದಿನ ಆರ್.ಟಿ.ಓ. ಕಚೇರಿಯ ಮೆಟ್ಟಿಲನ್ನೂ ಹತ್ತಲೇಬೇಕು. ನಾವು ಹತ್ತಿದ ಕಥೆಯನ್ನು ಇಲ್ಲಿ ಬರೆಯುತ್ತಿರುವುದು, ನಮ್ಮ ಹಿಂದೆ ಬರುವವರಿಗೆ ಒಂದೆರಡು ಮೆಟ್ಟಿಲಾದರೂ ತಪ್ಪಲಿ ಎಂದು.

ನಾವು ದಂಪತಿಗಳು ಮಸ್ಕತ್ತಿನಲ್ಲಿ 24 ವರುಷ ಇದ್ದು, 2024ರ ಆರಂಭದಲ್ಲಿ ಮುಂಬಯಿಗೆ ಮರಳಿದೆವು. ಹೋಗುವ ಮುನ್ನವೇ ಇಬ್ಬರೂ ಮುಂಬಯಿಯಲ್ಲಿ ಲೈಸೆನ್ಸು ಪಡೆದಿದ್ದೆವು. ಯಜಮಾನರದು 1996ನೆಯ ಇಸವಿಯದು, ಮನೆಯಾಕೆಯದು 1999ರದು. ಭಾವಚಿತ್ರದ ಮೇಲೆ ಮುದ್ರೆಯೊತ್ತಿದ ಪುಟ್ಟ ಪುಸ್ತಕಗಳು; ಪೆಟ್ಟಿಗೆಯ ತಳದಲ್ಲಿ, ಧಾರೆಯ ಸೀರೆಯ ಅಡಿಯಲ್ಲಿ ಭದ್ರವಾಗಿದ್ದವು. ರಜೆಗೆ ಬಂದಾಗಲೆಲ್ಲ ಟ್ಯಾಕ್ಸಿ, ರೈಲುಗಳಲ್ಲಿಯೇ ತಿರುಗಾಡಿ ಹಿಂದಿರುಗುತ್ತಿದ್ದುದರಿಂದ ಅವುಗಳನ್ನು ಬಿಡಿಸಿ ನೋಡುವ ಪ್ರಸಂಗವೇ ಬರಲಿಲ್ಲ.

ಬಂದ ಹತ್ತನೆಯ ದಿನ ಅಣ್ಣನ ಮಗನ ಕಾರನ್ನು ತೆಗೆದುಕೊಂಡು ತರಕಾರಿ ತರಲು ಹೊರಟೆವು. ಮಸ್ಕತ್ತಿನಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ; ಸ್ಟಿಯರಿಂಗು ಎಡಕ್ಕೆ ಇರುತ್ತದೆ. ಇಲ್ಲಿ ಎಲ್ಲವೂ ತಿರುಗುಮುರುಗು. ಯಜಮಾನರು ಮೊದಲು ಹೋಗಿ ಎಡಗಡೆಯ ಬಾಗಿಲನ್ನೇ ತೆರೆದರು. ಗೇರು ಹಾಕಲು ಹೋದ ಬಲಗೈ ಬಾಗಿಲಿಗೆ ಬಡಿಯಿತು. ತಿರುಗುವಾಗ ಸಿಗ್ನಲ್ ದೀಪ ಹಾಕಲು ಹೋದರೆ ಗಾಜಿನ ವೈಪರು ಆಡತೊಡಗಿತು. ನಕ್ಕೆವು. ಆದರೆ ಮಾರುಕಟ್ಟೆಯಿಂದ ಬಲಕ್ಕೆ ತಿರುಗಿದಾಗ ಗಾಡಿ ತಾನಾಗಿಯೇ ರಸ್ತೆಯ ಬಲಬದಿಯನ್ನು ಹಿಡಿಯಿತು. ಎದುರಿಗೆ ಸೈಕಲ್ಲಿನ ಮೇಲೆ ಪಾವ್ ಮಾರುವ ಹುಡುಗ. ಅವನು ಹಾರಿಕೊಂಡ, ಸೈಕಲ್ಲು ಉರುಳಿತು, ಪಾವೆಲ್ಲ ಬೀದಿಪಾಲಾಯಿತು. ದೇವರ ದಯೆಯಿಂದ ಹುಡುಗನಿಗೆ ಏನೂ ಆಗಲಿಲ್ಲ. ಪಾವಿನ ಬೆಲೆ ತೆತ್ತು, ಅವನ ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಕೈಕಾಲು ನಡುಗುತ್ತ ಮನೆಗೆ ಬಂದೆವು.

ವಿಷಯ ತಿಳಿದ ಹುಡುಗ ಒಂದು ಮಾತೂ ಬಿರುಸಾಗಿ ಆಡಲಿಲ್ಲ. "ಚಿಕ್ಕಪ್ಪ, ಲೈಸೆನ್ಸು ಒಮ್ಮೆ ತೋರಿಸಿ" ಎಂದ. ಪುಸ್ತಕವನ್ನು ಮಗುಚಿ ನೋಡಿದವನ ಮುಖ ಸಣ್ಣದಾಯಿತು. "ಇದರ ಅವಧಿ 2014ಕ್ಕೇ ತೀರಿದೆಯಲ್ಲ! ಚಿಕ್ಕಮ್ಮನದು 2019ಕ್ಕೆ."

ಆ ಹೊತ್ತಿನಲ್ಲಿ ನಮಗೆ ಅರಿವಾದ ಸಂಗತಿಯನ್ನು ಓದುಗರು ಗಮನಿಸಬೇಕು. ಅವಧಿ ತೀರಿದ ಲೈಸೆನ್ಸು ಹಿಡಿದು ಗಾಡಿ ನಡೆಸುವುದು ಕಾಯಿದೆಯ ದೃಷ್ಟಿಯಲ್ಲಿ ಲೈಸೆನ್ಸಿಲ್ಲದೆ ನಡೆಸಿದಂತೆಯೇ. 2019ರಲ್ಲಿ ಮೋಟಾರು ವಾಹನಗಳ ಕಾಯಿದೆಯನ್ನು ತಿದ್ದಿದ ಮೇಲೆ ಇದಕ್ಕೆ ದಂಡ 5,000 ರೂಪಾಯಿ. ಮೂರು ತಿಂಗಳವರೆಗೆ ಸೆರೆವಾಸಕ್ಕೂ ಆಸ್ಪದವಿದೆ. ಅಂಥವರ ಕೈಗೆ ಗಾಡಿ ಕೊಟ್ಟ ಒಡೆಯನಿಗೂ ಅಷ್ಟೇ ಶಿಕ್ಷೆ. ಅಂದರೆ ಪ್ರೀತಿಯಿಂದ ಕೀಲಿಕೈ ಕೊಟ್ಟ ಹುಡುಗನನ್ನೂ ನಾವು ಅಪರಾಧಿಯನ್ನಾಗಿ ಮಾಡಿದ್ದೆವು. ವಿಮೆಯ ಗತಿಯಾದರೂ ಏನು? 2004ರ ಸ್ವರಣ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ವಿವರಿಸಿರುವ ಪ್ರಕಾರ, ಗಾಯಗೊಂಡವನಿಗೆ ವಿಮಾ ಕಂಪನಿಯೇ ಪರಿಹಾರ ಕೊಡಬೇಕಾಗಿ ಬಂದರೂ, ಗಾಡಿಯ ಒಡೆಯನ ತಪ್ಪು ಸಿದ್ಧವಾದರೆ ಆ ಹಣವನ್ನು ಅವನಿಂದಲೇ ವಸೂಲು ಮಾಡಿಕೊಳ್ಳುವ ಅಪ್ಪಣೆಯಾಗಬಹುದು. ಆ ಪಾವಿನ ಹುಡುಗ ಹಾರಿಕೊಳ್ಳದೆ ಹೋಗಿದ್ದರೆ! ಆ ರಾತ್ರಿ ನಮ್ಮಿಬ್ಬರಿಗೂ ನಿದ್ದೆ ಹತ್ತಲಿಲ್ಲ.

ಇನ್ನು ಅವಧಿಯ ಲೆಕ್ಕ. ನಾವು ಲೈಸೆನ್ಸು ಪಡೆದ ಕಾಲದ ನಿಯಮದಂತೆ ಅದು 20 ವರುಷ, ಇಲ್ಲವೆ 50 ವಯಸ್ಸು ತುಂಬುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತಿತ್ತು. ಯಜಮಾನರು 1964ರಲ್ಲಿ ಹುಟ್ಟಿದವರು. 20 ವರುಷಕ್ಕಿಂತ ಮೊದಲು 50 ತುಂಬಿತು. 1973ರಲ್ಲಿ ಹುಟ್ಟಿದ ಮನೆಯಾಕೆಗೆ 50ಕ್ಕಿಂತ ಮೊದಲು 20 ವರುಷ ತುಂಬಿತು. ಈಗಿನ ಕ್ರಮ ಬೇರೆ. 30 ತುಂಬದವರಿಗೆ 40 ವಯಸ್ಸಿನವರೆಗೆ. 30ರಿಂದ 50ರ ಒಳಗಿನವರಿಗೆ 10 ವರುಷ. 50 ತುಂಬಿ 55 ಆಗದವರಿಗೆ 60 ವಯಸ್ಸಿನವರೆಗೆ. 55 ದಾಟಿದವರಿಗೆ ಐದೈದು ವರುಷ.

ನವೀಕರಣಕ್ಕೆ ಅವಧಿ ತೀರುವ ಒಂದು ವರುಷ ಮೊದಲಿನಿಂದಲೂ ಅರ್ಜಿ ಹಾಕಬಹುದು. ತೀರಿದ ಮೇಲೆ ಒಂದು ವರುಷದ ಒಳಗೂ ಹಾಕಬಹುದು. ಒಂದು ವರುಷ ಕಳೆಯಿತೋ, ಗಾಡಿ ನಡೆಸುವ ಪರೀಕ್ಷೆಗೆ ಮತ್ತೆ ನಿಲ್ಲಬೇಕು. 2019ಕ್ಕೆ ಮುಂಚೆ ಈ ಗಡುವು ಐದು ವರುಷ ಇದ್ದಿತು. ಪರದೇಶದಲ್ಲಿರುವ ಬಂಧುಗಳು ಮುಖ್ಯವಾಗಿ ನೆನಪಿಡಬೇಕಾದುದು ಇದನ್ನೇ. ಮುಂದಿನ ವರುಷ ಅವಧಿ ಮುಗಿಯುತ್ತದೆಂದು ಕಂಡರೆ ಈ ರಜೆಯಲ್ಲಿಯೇ ಕೆಲಸ ಪೂರೈಸಿಕೊಂಡು ಹೋಗಬಹುದು.

ಈಗ ಅರ್ಜಿಯೆಲ್ಲ ಕೇಂದ್ರ ಸರಕಾರದ 'ಸಾರಥಿ' ಎಂಬ ಅಂತರ್ಜಾಲ ತಾಣದಲ್ಲಿ. ಹುಡುಗ ನಮ್ಮ ಸಂಖ್ಯೆಗಳನ್ನು ಹಾಕಿ ನೋಡಿದ. ಮನೆಯಾಕೆಯದು ಸಿಕ್ಕಿತು, ಯಜಮಾನರದು ಸಿಕ್ಕಲಿಲ್ಲ. ಹಳೆಯ ಪುಸ್ತಕಗಳ ವಿವರ ಎಷ್ಟೋ ವೇಳೆ ಕಂಪ್ಯೂಟರಿಗೆ ಏರಿರುವುದಿಲ್ಲ. ಆಗ ಲೈಸೆನ್ಸು ಕೊಟ್ಟ ಕಚೇರಿಗೇ ಅಸಲು ಪುಸ್ತಕ ಒಯ್ದು, ಅಲ್ಲಿಯ ದಫ್ತರದೊಡನೆ ತಾಳೆ ನೋಡಿಸಿ, ಏರಿಸಿಕೊಳ್ಳಬೇಕಾಗುತ್ತದೆ. ಇದಕ್ಕಾಗಿ ಯಜಮಾನರು ನಾಲ್ಕು ಸಲ ಅಲೆದರು. ಪುಸ್ತಕವನ್ನು ಬಿಸಾಡದೆ ಇಟ್ಟಿದ್ದ ಪೆಟ್ಟಿಗೆಗೆ ಆಗ ಮನಸ್ಸಿನಲ್ಲಿಯೇ ಕೈಮುಗಿದೆವು. 40 ದಾಟಿದವರಿಗೆ ವೈದ್ಯರ ಪ್ರಮಾಣಪತ್ರವೂ ಬೇಕು. ಅದು 1ಎ ನಮೂನೆ. ಕಣ್ಣಿನ ದೃಷ್ಟಿ, ಕೆಂಪು ಹಸಿರುಗಳ ಭೇದ ಎಲ್ಲವನ್ನೂ ವೈದ್ಯರು ನೋಡಿಯೇ ರುಜು ಹಾಕಬೇಕು.

ಕಚೇರಿಯ ಹೊರಗೆ ಒಬ್ಬ ದಲಾಲರು ನಮ್ಮನ್ನು ತಡೆದು, "ಪರದೇಶದ ಲೈಸೆನ್ಸು ಇದೆಯಲ್ಲ ಸಾಹೇಬರೆ, ನಿಮಗೇಕೆ ಟೆಸ್ಟು? ನನಗೆ ಬಿಡಿ" ಎಂದರು. ಅವರ ಮಾತು ಪೂರ್ಣ ಸುಳ್ಳಲ್ಲ. ಹೊಸದಾಗಿ ಲೈಸೆನ್ಸು ಕೇಳುವವರ ಹತ್ತಿರ ಪರದೇಶದ ಊರ್ಜಿತ ಲೈಸೆನ್ಸು ಇದ್ದರೆ ಪರೀಕ್ಷೆಯಿಂದ ವಿನಾಯಿತಿ ಕೊಡಲು ಕಾಯಿದೆಯ 9ನೆಯ ಕಲಮಿನಲ್ಲಿ ಅವಕಾಶವಿದೆ. ಯಜಮಾನರು ಒಂದು ಗಳಿಗೆ ನಿಂತರು. ಮನೆಯಾಕೆ, "ಆ ಹುಡುಗನ ಸೈಕಲ್ಲಿಗೆ ವಿನಾಯಿತಿ ಎಲ್ಲಿ ಸಿಗುತ್ತದೆ?" ಎಂದು ಕೇಳಿದಳು. ನಾವು ಪರೀಕ್ಷೆಗೇ ಅರ್ಜಿ ಹಾಕಿದೆವು.

ಮೂರು ವಾರ ಡ್ರೈವಿಂಗ್ ಸ್ಕೂಲಿಗೆ ಹೋದೆವು. ಕಲಿಸುವವನ ಕಾಲಿನ ಬಳಿಯೂ ಬ್ರೇಕು ಇರುವ ಕಾರು. ಕಲಿಸುವವನು ನಮ್ಮ ಮಗನ ವಯಸ್ಸಿನವನು. ಸ್ಟಿಯರಿಂಗಿನ ಎದುರಿಗೆ 'ಎಡಕ್ಕೆ' ಎಂದು ಕನ್ನಡದಲ್ಲಿ ಬರೆದ ಹಳದಿ ಚೀಟಿಯನ್ನು ಅಂಟಿಸಿಕೊಂಡೆವು. ನೇರ ರಸ್ತೆಯಲ್ಲಿ ತೊಡಕಿಲ್ಲ. ಮುಂದೆ ಹೋಗುವ ಗಾಡಿಯನ್ನು ನೋಡಿ ಹಿಂಬಾಲಿಸಿದರಾಯಿತು. ಮೋಸ ಮಾಡುವುದು ಬರಿದಾದ ರಸ್ತೆ, ಬಲತಿರುವು ಮತ್ತು ವೃತ್ತ. ಮಸ್ಕತ್ತಿನ ವೃತ್ತಗಳನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಿದ್ದವರು ಇಲ್ಲಿ ಮುಳ್ಳಿನ ಜಾಡಿನಲ್ಲಿಯೇ ಸುತ್ತಬೇಕು. ನಡೆದು ರಸ್ತೆ ದಾಟುವಾಗಲೂ ಅಷ್ಟೆ. ಅಲ್ಲಿ ಮೊದಲು ಎಡಕ್ಕೆ ನೋಡುವ ಕಣ್ಣು ಇಲ್ಲಿ ಮೊದಲು ಬಲಕ್ಕೆ ನೋಡಬೇಕು.

ಪರೀಕ್ಷೆಯ ದಿನ ಸಾಲಿನಲ್ಲಿ ನಮ್ಮ ಹಿಂದೆ ಮುಂದೆ ಹದಿನೆಂಟು ಹತ್ತೊಂಬತ್ತರ ಮಕ್ಕಳು. ಮನೆಯಾಕೆ ಮೊದಲ ಸಲಕ್ಕೇ ತೇರ್ಗಡೆಯಾದಳು. ಯಜಮಾನರು ಗಾಡಿಯನ್ನು ಹಿಂದಕ್ಕೆ ಸೊಗಸಾಗಿ ಬಿಟ್ಟರು. ಏರಿನಲ್ಲಿ ನಿಲ್ಲಿಸಿ ಎತ್ತಿದರು. ಕೊನೆಗೆ ಬಲಕ್ಕೆ ತಿರುಗಿಸಿ ಎಂದಾಗ ಹಳೆಯ ಕೈ ಮತ್ತೆ ಬಲಬದಿಗೇ ಎಳೆಯಿತು. ಇನ್ಸ್‌ಪೆಕ್ಟರು ಗೌರವದಿಂದಲೇ, "ಕಾಕಾ, ಏಳು ದಿನ ಬಿಟ್ಟು ಬನ್ನಿ" ಎಂದರು. ಮೂವತ್ತು ವರುಷದ ಹತ್ತಿರ ಗಾಡಿ ನಡೆಸಿದ ಮನುಷ್ಯ ಅಂದು ಮನೆಯಲ್ಲಿ ಯಾರೊಡನೆಯೂ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ, "ಅವರು ತೇರ್ಗಡೆ ಮಾಡಿದ್ದರೆ ನಾನು ನಾಳೆಯೇ ಗಾಡಿ ತೆಗೆಯುತ್ತಿದ್ದೆ. ಮಾಡದಿದ್ದುದೇ ಒಳ್ಳೆಯದಾಯಿತು" ಎಂದರು. ಮರುದಿನ ಮುಂಜಾನೆ ಐದಕ್ಕೆ ಎದ್ದು, ಕಲಿಸುವ ಹುಡುಗನನ್ನು ಎಬ್ಬಿಸಿ ಕರೆದೊಯ್ದು, ಬರಿದಾದ ರಸ್ತೆಗಳಲ್ಲಿ ಬಲತಿರುವುಗಳನ್ನೇ ಅಭ್ಯಾಸ ಮಾಡಿದರು. ಆರು ದಿನವೂ ಅದೇ. ಎರಡನೆಯ ಸಲ ತೇರ್ಗಡೆಯಾದರು.

ಈಗ ಅಂಚೆಯಲ್ಲಿ ಬಂದ ಕಾರ್ಡುಗಳು ನಮ್ಮ ಕೈಯಲ್ಲಿವೆ. ಯಜಮಾನರದು 2029ರವರೆಗೆ, ಮನೆಯಾಕೆಯದು 2033ರವರೆಗೆ. ಅವನ್ನು ಮೊಬೈಲಿನ ಡಿಜಿಲಾಕರಿನಲ್ಲಿಯೂ ಇಟ್ಟುಕೊಂಡಿದ್ದೇವೆ. ಪೊಲೀಸರು ಕೇಳಿದಾಗ ಅದನ್ನು ತೋರಿಸಿದರೂ ನಡೆಯುತ್ತದೆ. ಕಾರ್ಡು ಬಂದ ದಿನ ಹುಡುಗ ತಾನಾಗಿಯೇ ಕೀಲಿಕೈ ತಂದು ಮೇಜಿನ ಮೇಲೆ ಇಟ್ಟು ಹೋದ. ಯಜಮಾನರು ಆ ಹಳದಿ ಚೀಟಿಯನ್ನು ಅವನ ಕಾರಿನಲ್ಲಿ ಅಂಟಿಸಿ, ಆಮೇಲೆ ಬಾಗಿಲು ಹಾಕಿಕೊಂಡರು. ಚೀಟಿ ಇಂದಿಗೂ ಅಲ್ಲಿಯೇ ಇದೆ.

ಇಷ್ಟನ್ನು ಓದಿದ ಮೇಲೆ ವಾಚಕರು ಒಂದು ಉಪಕಾರ ಮಾಡಬೇಕು. ಪತ್ರಿಕೆಯನ್ನು ಮಡಚಿಟ್ಟು, ಎದ್ದುಹೋಗಿ, ತಮ್ಮ ಪೆಟ್ಟಿಗೆಯ ತಳವನ್ನು ಒಮ್ಮೆ ನೋಡಿಕೊಳ್ಳಬೇಕು. ಪರದೇಶದಲ್ಲಿ ಮಗನೋ ಮಗಳೋ ಇದ್ದರೆ, ಈ ಭಾನುವಾರ ಫೋನು ಮಾಡಿದಾಗ ಊಟ ಆಯಿತೇ ಎಂದು ಕೇಳಿದ ಮೇಲೆ, ಲೈಸೆನ್ಸಿನ ತಾರೀಖು ಯಾವುದು ಎಂದೂ ಕೇಳಲಿ.